ಬೆಲ್ಟ್ ಬೇಯಿಸುವ ನಮ್ಮತ್ತೆ

ನಮ್ಮತ್ತೆಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ, ಅವರ ಬೆಲ್ಟಿನ ದಪ್ಪ ನೆನಪಿರುತ್ತದೆ! "ಲೇ, ಎಂಟು ಎಂಎಂ ಬಂದಾರೆ, ನೀರು ಕೊಡು" ಅಂದರೆ ಬಂದವರು ಶೇಂಗಾ ಮಿಲ್ಲಿನ ಸಾವ್ಕಾರರು ಎಂದು ನನಗೆ ಹೊಳೆಯಬೇಕು. ಚಳ್ಳಕೆರೆಯಲ್ಲಿ ಮೆಷಿನ್ ಬೆಲ್ಟ್ ಅಂಗಡಿ ನಮ್ಮದು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ, ಯಜಮಾನರೆಂದರೆ ಅತ್ತೆ.

ಪಾಲಿಯುರೆಥೇನ್ ಬೆಲ್ಟ್ ಹಸಿರು ಹಗ್ಗದ ಹಾಗೆ ಸುರುಳಿಯಲ್ಲಿ ಬರುತ್ತದೆ. ಬೆಲ್ಟ್ ಕೂರುವ ಪುಲ್ಲಿ ಗಾಲಿಯ ಕಚ್ಚಿನೊಳಗೆ ಕಿರುಬೆರಳು ಆಡಿಸಿಯೇ ಅತ್ತೆ ದಪ್ಪ ಹೇಳುತ್ತಾರೆ. ಗಿರಾಕಿ ದಾರದಲ್ಲಿ ಅಳತೆ ತಂದರೆ ಅದಕ್ಕಿಂತ ತುಸು ಗಿಡ್ಡವೇ ಕತ್ತರಿಸುತ್ತಾರೆ.

"ಸಾಲಲ್ಲ ಅಮ್ಮಾರೇ!"

"ಎಳೆದು ಹಾಕಿದ್ರೇ ಅದು ದುಡಿಯೋದು. ಸಡಿಲ ಬಿಟ್ರೆ ನಿನ್ನಂಗೆ ಕುಂತಲ್ಲೇ ಕುಂತಿರ್ತೈತೆ!"

ಆಮೇಲೆ ಎರಡೂ ತುದಿಯನ್ನು ಕಾದ ಹಂಚಿಗೆ ಒತ್ತಿ, ಕರಗುತ್ತಲೇ ಕೂಡಿಸಿ, ಆರುವವರೆಗೆ ಅಲ್ಲಾಡದೆ ಹಿಡಿಯಬೇಕು. ಆಗ ಅತ್ತೆ ತುಟಿ ಬಿಚ್ಚುವುದಿಲ್ಲ. ಒಮ್ಮೆ ನನ್ನ ತವರೂರು ನನ್ನಿವಾಳದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು ನಿಂತು, "ಬೀಗಿತ್ತಿ ಬಾ ಅನ್ನಲಿಲ್ಲ" ಎಂದು ಸಿಟ್ಟಾಗಿ ವಾಪಸ್ ಬಸ್ ಹತ್ತಿದ್ದರು!

ಮದುವೆಯಾದ ಹೊಸತರಲ್ಲಿ ನಾನು ಆ ಹಂಚಿನ ಮೇಲೆ ದೋಸೆ ಹುಯ್ದಿದ್ದೆ. ನನ್ನ ಗಂಡ ಎರಡು ತುತ್ತು ತಿಂದು ವಾಂತಿ ಮಾಡಿಕೊಂಡರು. ಅತ್ತೆ ಮಗನನ್ನು ನೋಡಿದರಾ? ಎಲ್ಲಿಂದ! "ಅಯ್ಯೋ, ನನ್ನ ಹಂಚಿಗೆ ಎಣ್ಣೆ ಸವರಿದ್ಯಲ್ಲೇ! ಇನ್ನು ಬೆಸುಗೆ ಕೂಡ್ತೈತಾ?" ಎಂದು ತಲೆ ಚಚ್ಚಿಕೊಂಡರು.

"ನಾನು ಕೂಡಿಸಿದ್ದು ಒಂದೂ ಬಿಟ್ಕೊಂಡಿಲ್ಲ" ಎಂಬುದು ಅತ್ತೆಯ ಜಂಬ. ಊರೇ ಒಪ್ಪಿದ ಜಂಬ ಅದು. ನನಗೂ ಅದರಲ್ಲಿ ಪಾಲುಂಟು ಎಂದು ಬೀಗುತ್ತಿದ್ದೆ.

ಹೋದ ತಿಂಗಳು ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಅಜ್ಜ ಫೋನ್ ಮಾಡಿದರು. ಕಂಡಿಕೆಗೆ ನೂಲು ಸುತ್ತುವ ಮೆಷಿನ್ನಿನ ಬೆಲ್ಟು ಬೆಸುಗೆಯಲ್ಲೇ ಬಿಟ್ಟುಕೊಂಡಿತ್ತು! ಅತ್ತೆ ಊರಲ್ಲಿ ಇಲ್ಲದಾಗ ಅದನ್ನು ಕೂಡಿಸಿದವಳು ನಾನು. ಆರುವ ಮೊದಲೇ ಒಂದು ಕೈ ಬಿಟ್ಟು ಮೊಬೈಲ್ ಎತ್ತಿಕೊಂಡಿದ್ದೆ. ಅದನ್ನು ಸರಿಮಾಡಿಕೊಡಲು ಅತ್ತೆಯೂ ನಾನೂ ಹೊರಟ ಬಸ್ಸಿನಲ್ಲಿ ಎಲ್ಲ ಹೇಳಿಬಿಟ್ಟೆ. ಅತ್ತೆ ಹಂಚಿನ ಚೀಲವನ್ನು ನನ್ನ ಮಡಿಲಿಂದ ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು.

ಅಜ್ಜ ನಾಲ್ಕು ಜನ ನೇಕಾರರ ಎದುರಿಗೇ ಬೆಲ್ಟ್ ಹಿಡಿದು ಕೇಳಿದರು: "ಏಮಮ್ಮಾ, ನಿಮ್ಮ ಅಂಗಡೀದು ಹಿಂಗಾ? ಯಾರು ಕೂಡಿಸಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಅಂದರು: "ನಾನೇ ರೀ. ವಯಸ್ಸಾತು, ಕೈ ನಡುಗ್ತು."

ಆ ಕೈ ನಡುಗಿದ್ದನ್ನು ನಾನು ಇವತ್ತಿನವರೆಗೆ ಕಂಡಿಲ್ಲ! ಜೀವಮಾನದ ಜಂಬವನ್ನು ನನಗಾಗಿ ಅಲ್ಲೇ ನೆಲದ ಮೇಲಿಟ್ಟುಬಿಟ್ಟರು.

ಆಮೇಲೆ ಚೀಲದಿಂದ ಹಂಚು ತೆಗೆದು, ಒಲೆ ಹಚ್ಚಿಸಿ, ನನ್ನನ್ನು ಮುಂದೆ ಕೂರಿಸಿದರು. "ಈಗ ನನ್ನ ಸೊಸೆ ಹಾಕ್ತಾಳೆ ನೋಡ್ರಿ. ನನಗಿಂತ ಗಟ್ಟಿ ಕೈ ಅವಳ್ದು."

ಕಣ್ಣು ತುಂಬಿ ಬೆಲ್ಟಿನ ತುದಿಯೇ ಕಾಣಲಿಲ್ಲ. ಅತ್ತೆ ತಮ್ಮ ಸೆರಗಿನಿಂದ ನನ್ನ ಕಣ್ಣೊರೆಸಿ, ಕಿವಿಯಲ್ಲಿ ಮೆಲ್ಲಗೆ ಗದರಿದರು: "ಅಳಬ್ಯಾಡ್ವೇ, ನೀರು ಬಿದ್ರೆ ಇದೂ ಬಿಟ್ಕೊಂತೈತೆ."