ಸಿಂಗಲ್ ಮಿಷನ್ನು

ಮದುವೆಯಾಗದಿರುವುದು ಒಂದು ಕಾಯಿಲೆಯೇ? ಹೌದು ಎನ್ನುವುದಾದರೆ ಪ್ಲೇಗಿಗೆ ಸೂಜಿ ಚುಚ್ಚಿಸುವ ಹಾಗೆ ಸರ್ಕಾರದವರು ಇದಕ್ಕೂ ಒಂದು ಸೂಜಿ ಚುಚ್ಚಿಸಲಿ, ಮೊದಲನೆಯವನಾಗಿ ನಾನೇ ತೋಳು ಚಾಚುತ್ತೇನೆ. ಅಲ್ಲ ಎನ್ನುವುದಾದರೆ, ಕಂಡ ಕಂಡವರೆಲ್ಲ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ, ಮುಖ ಸಪ್ಪಗೆ ಮಾಡಿಕೊಂಡು, ಜ್ವರ ಬಿಟ್ಟಿತೇ ಎಂದು ಕೇಳುವ ದನಿಯಲ್ಲಿ "ಇನ್ನೂ ಏನೂ ಆಗಲಿಲ್ಲವೇ?" ಎಂದು ಕೇಳುವುದನ್ನು ಬಿಡಲಿ. ನನಗೆ ಇಪ್ಪತ್ತೆಂಟು ವರ್ಷ. ಮದ್ದೂರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಕೈಕಾಲು ನೆಟ್ಟಗಿವೆ, ತಿಂದದ್ದು ಅರಗುತ್ತದೆ. ಆದರೂ ನನ್ನ ಕೋಣೆಯ ಮಾಲೀಕರ ಹೆಂಡತಿ, ಹೆಂಗಸರು ನೀರು ಸೇದುವ ಹೊತ್ತಿನಲ್ಲಿ ನಾನು ಬಾವಿಕಟ್ಟೆಯ ಕಡೆ ಸುಳಿಯಬಾರದೆಂದು ಕಟ್ಟಪ್ಪಣೆ ಮಾಡಿದ್ದಾರೆ. ಊಟದ ಹೋಟೆಲಿನ ಮಾಣಿ ಮೂರು ವರ್ಷದಿಂದ ದಿನವೂ ನನ್ನನ್ನು ನೋಡುತ್ತಿದ್ದರೂ, ದಿನವೂ "ಒಂದೇ ಎಲೆಯಾ ಮೇಷ್ಟ್ರೇ?" ಎಂದು ಇಡೀ ಹೋಟೆಲಿಗೆ ಕೇಳುವಂತೆ ಕೂಗುತ್ತಾನೆ. ಜೊತೆಗೆ ಯಾರಾದರೂ ಬಂದಿದ್ದಾರೇನೋ ಎಂಬಂತೆ ನಾನೂ ಪ್ರತಿಸಲ ಹಿಂದಕ್ಕೆ ತಿರುಗಿ ನೋಡುತ್ತೇನೆ, ಅದೇ ಅವಮಾನ.

ಪರಕೀಯರ ಮಾತು ಹಾಗಿರಲಿ. ನನ್ನ ಹೊಟ್ಟೆ ಉರಿಯುವುದು ಸ್ನೇಹಿತರ ಮೇಲೆ. ನನಗಿರುವವರು ಇಬ್ಬರು. ಒಬ್ಬ ಕಿಟ್ಟಣ್ಣ. ಜಲಪಾತದ ಬಳಿಯ ಬ್ಲಫ್ಫಿನಲ್ಲಿ, ಕರೆಂಟು ತಯಾರಾಗುವ ಕಡೆ, ಆಫೀಸಿನಲ್ಲಿ ಗುಮಾಸ್ತ, ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿ ಮಳವಳ್ಳಿಯ ಮೇಲೆ ಮದ್ದೂರಿಗೆ ಬಂದು ನನ್ನ ಚಾಪೆಯ ಮುಕ್ಕಾಲು ಭಾಗ ಆಕ್ರಮಿಸುವವನು. ಇನ್ನೊಬ್ಬ ಬೆಸಗರಹಳ್ಳಿಯ ನಿಂಗೇಗೌಡ. ನನ್ನ ಜೊತೆಯಲ್ಲೇ ಓದಿದವನು, ಈಗ ಕಬ್ಬು ಬೆಳೆಯುತ್ತಾನೆ. ಬಜಾರಿನಲ್ಲಿ ನಾಲ್ಕು ಜನರ ಎದುರಿಗೆ ನನ್ನನ್ನು "ಮೇಷ್ಟ್ರೇ" ಎಂದು ಬಹುವಚನದಲ್ಲಿ ಕರೆಯುವ ಈತ, ಮೂಲೆ ತಿರುಗಿದ ಕೂಡಲೇ "ಬಾರ್ಲಾ" ಎನ್ನುತ್ತಾನೆ. ಮುಖ್ಯವಾದ ಸಂಗತಿ ಹೇಳಿಬಿಡುತ್ತೇನೆ, ಓದುಗರು ಗಮನಿಸಬೇಕು: ಇವರಿಬ್ಬರಿಗೂ ಮದುವೆಯಾಗಿಲ್ಲ. ಆದರೆ ನಮ್ಮ ಮೂವರಲ್ಲಿ ಊರು ಅನುಕಂಪ ತೋರಿಸುವುದು ನನ್ನೊಬ್ಬನಿಗೆ. ಏಕೆಂದರೆ ಹೆಣ್ಣು ನೋಡಲು ಹೋಗಿ ಬರುವವನು ನಾನೊಬ್ಬನೇ. ಪ್ರಯತ್ನಪಟ್ಟವನಿಗೆ ಶಿಕ್ಷೆ, ಸುಮ್ಮನೆ ಕೂತವರಿಗೆ ಮರ್ಯಾದೆ. ಇದು ಯಾವ ನ್ಯಾಯವೋ ನನಗೆ ತಿಳಿಯದು.

ಶನಿವಾರ ಸಂಜೆ ನಾವು ಮೂವರೂ ಟೆಂಟಿಗೆ ಹೋಗುವುದು ಪದ್ಧತಿ. ಗದ್ದೆಯ ಅಂಚಿನ ಬಯಲಿನಲ್ಲಿ ಹಾಕಿರುವ ಈ ಟೂರಿಂಗ್ ಟೆಂಟಿನಲ್ಲಿ ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ನಾಲ್ಕು ಕುರ್ಚಿ. ಎಡಗಡೆ ಹೆಂಗಸರು, ಬಲಗಡೆ ಗಂಡಸರು, ಎಲ್ಲ ಕಡೆಯೂ ಸೊಳ್ಳೆ. ಮೊದಲು ಯುದ್ಧದ ಸಮಾಚಾರ ತೋರಿಸುತ್ತಾರೆ, ಆಮೇಲೆ ಚಿತ್ರ. ಹೆಚ್ಚಾಗಿ ತಮಿಳು, ಅಪರೂಪಕ್ಕೆ ನಮ್ಮದು. ಭಾಷೆ ಯಾವುದಾದರೇನು, ಕಥೆ ಒಂದೇ: ಕೆಲಸವಿಲ್ಲದ ಒಬ್ಬ ನಾಯಕ, ಅವನನ್ನೇ ನೆನೆದು ಊಟ ಬಿಡುವ ಒಬ್ಬ ರಾಜಕುಮಾರಿ. ಇದನ್ನು ನೋಡಿ ನಿಂಗೇಗೌಡ ವಾರವಾರವೂ ಕೆರಳುತ್ತಾನೆ. ಆ ಒಂದು ಶನಿವಾರವೂ ಕೆರಳಿದ.

"ಅಲ್ಲಾ ಕಣ್ಲಾ, ಆ ಎಣ್ಣು ಇವ್ನಿಗ್ಯಾಕ್ಲಾ ಒಲೀತಾಳೆ? ಒಂದ್ ಗುಂಟೆ ಗದ್ದೆ ಇಲ್ಲ, ಒಂದ್ ಕರಾ ಇಲ್ಲ. ಯಾವಾಗ್ ನೋಡುದ್ರೂವೆ ಮರ ತಬ್ಕಂಡು ನಿಂತಿರ್ತಾನೆ."

"ಅವನ ಕ್ರಾಪು ನೋಡಯ್ಯ," ಎಂದ ಕಿಟ್ಟಣ್ಣ. "ಹಿಂದಕ್ಕೆ ಹೇಗೆ ಅಲೆ ಅಲೆಯಾಗಿ ಬಾಚಿದ್ದಾನೆ. ಹುಡುಗಿ ಒಲಿದಿರೋದು ಅದಕ್ಕೆ."

"ಒಸಿ ಗಾಳಿ ಬೀಸುದ್ರೆ ಏನಾಯ್ತದ್ಲಾ ಅದು?"

ಈ ಚರ್ಚೆ ನಡೆಯುತ್ತಿದ್ದಾಗ ನಾನು ಪರದೆಯಿಂದ ಕಣ್ಣು ಕೀಳಲಿಲ್ಲ. ಹಿಂದಿನ ವಾರವಷ್ಟೇ ಮಂಡ್ಯಕ್ಕೆ ಹೋಗಿ, ಅಲ್ಲಿ ಹೊಸದಾಗಿ ಕುರ್ಚಿ ಹಾಕಿದ್ದ ಕ್ಷೌರದಂಗಡಿಯಲ್ಲಿ ಕೂತು, ನಾನೂ ಅಂಥದೇ ಅಲೆ ತೆಗೆಸಿಕೊಂಡು ಬಂದಿದ್ದೆ. ನಮ್ಮ ತಂದೆಯ ಕಾಲದ ಜುಟ್ಟನ್ನು ತೆಗೆಸಿದಾಗಲೇ ಮನೆಯಲ್ಲಿ ಒಂದು ರಾಮಾಯಣವಾಗಿತ್ತು. ಈ ಅಲೆಯನ್ನು ನಿಲ್ಲಿಸಲು ಸುವಾಸನೆಯ ಎಣ್ಣೆ ಬೇಕು, ಜೇಬಿನಲ್ಲಿ ಸದಾ ಬಾಚಣಿಗೆ ಬೇಕು, ಕಷ್ಟ ನೋಡುವವರಿಗೇನು ಗೊತ್ತು.

ಆ ದಿನವೇ ನನಗೆ ಹೆಸರು ಬಿದ್ದದ್ದು. ನಾಯಕ ತಾಳಿ ಎತ್ತಿಕೊಂಡ, ರಾಜಕುಮಾರಿ ತಲೆ ಬಗ್ಗಿಸಿದಳು, ಅಷ್ಟರಲ್ಲಿ ಪರದೆ ಬೆಳ್ಳಗಾಗಿ ಟೆಂಟಿನ ದೀಪಗಳು ಹತ್ತಿಕೊಂಡವು. ನೆಲದವರು ಕೂಗಿದರು. ಕಿಟ್ಟಣ್ಣ ಕರೆಂಟಿನವನ ಗತ್ತಿನಲ್ಲಿ ವಿವರಿಸಿದ: "ಮೈಸೂರಿನಲ್ಲಿ ಡಬಲ್ ಮಿಷನ್ ಇರುತ್ತೆ. ಒಂದರ ರೀಲು ಮುಗಿಯೋದರೊಳಗೆ ಇನ್ನೊಂದು ಶುರುವಾಗುತ್ತೆ, ನಿಲ್ಲೋದೇ ಇಲ್ಲ. ಇವರದು ಸಿಂಗಲ್ ಮಿಷನ್ನು. ರೀಲು ಬದಲಾಯಿಸೋವರೆಗೂ ಕಾಯಬೇಕು."

ನಿಂಗೇಗೌಡ ನನ್ನ ಕಡೆ ತಿರುಗಿದ. "ನಮ್ ಮೇಷ್ಟ್ರಂಗೆ ಅನ್ನು. ಜಾತ್ಕ ನೋಡಿದ್ದಾಯ್ತು, ಎಣ್ಣು ನೋಡಿದ್ದಾಯ್ತು, ಇನ್ನೇನ್ ತಾಳಿ ಕಟ್ಬೇಕು ಅನ್ನೋವತ್ಗೆ ಪಕ್ ಅಂತ ನಿಂತೋಯ್ತದೆ. ಸಿಂಗಲ್ ಮಿಸನ್ನು ಕಣ್ಲಾ ಇವ್ನು."

ಬೆಂಚಿನ ಸಾಲುಗಳೆಲ್ಲ ನಕ್ಕವು. ಕುರ್ಚಿಯಲ್ಲಿದ್ದ ಪೋಸ್ಟ್ ಮಾಸ್ಟರರೂ ನಕ್ಕರು, ಮೂರು ಮದುವೆಯಾದವರು. ಸೋಮವಾರದ ಹೊತ್ತಿಗೆ ಬಜಾರಿಗೆಲ್ಲ ನಾನು ಸಿಂಗಲ್ ಮಿಷನ್ನು. ನಿಮಗೇನು ಡಬಲ್ ಮಿಷನ್ ಇದೆಯೇನಯ್ಯ ಎಂದು ನಾನು ನಿಂಗೇಗೌಡನನ್ನು ಗದರಿಸಿ ಕೇಳಿದೆ. "ನಾವು ಮಿಸನ್ನೇ ತಂದಿಲ್ಲ ಕಣ್ಲಾ, ನಿಲ್ಲೋ ಮಾತೆಲ್ಲಿ ಬಂತು," ಎಂದುಬಿಟ್ಟ. ಇಂಥವನ ಹತ್ತಿರ ತರ್ಕ ಮಾಡಲಾಗುವುದಿಲ್ಲ.

ಇದನ್ನೆಲ್ಲ ನಾನು ನುಂಗಿಕೊಂಡಿದ್ದೆ. ಆದರೆ ಮಳವಳ್ಳಿಯ ಶ್ಯಾನುಭೋಗ ನರಸಿಂಹಯ್ಯನವರ ವಿಷಯವನ್ನು ಮಾತ್ರ ನುಂಗಲಾರೆ. ಅವರ ಮಗಳು ಸೀತಮ್ಮನನ್ನು ನನಗೆ ಕೊಡುವ ಮಾತು ಹೊರಟಿತ್ತು. ಜಾತಕ ಕೂಡಿತ್ತು. ಹುಡುಗ ಹೇಗೆ ಎಂದು ಊರಿನಲ್ಲಿ ವಿಚಾರಿಸಲು ಅವರು ಒಂದು ದಿನ ಯಾರಿಗೂ ಹೇಳದೆ ಮದ್ದೂರಿಗೆ ಬಂದರು. ಬಸ್ಸಿಳಿದವರು ಹೆಡ್ ಮಾಸ್ಟರರನ್ನು ಕೇಳಬಹುದಿತ್ತು, ಅಂಗಡಿಯ ಶೆಟ್ಟರನ್ನು ಕೇಳಬಹುದಿತ್ತು. ಕೇಳಿದ್ದು ಕಾಫಿ ಹೋಟೆಲಿನ ಜಗಲಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದ ನಿಂಗೇಗೌಡನನ್ನು. ಅವರಿಬ್ಬರ ನಡುವೆ ಆದ ಮಾತನ್ನು ಅವನೇ ಆಮೇಲೆ ನನಗೆ ಒಪ್ಪಿಸಿದ, ಏನೋ ಉಪಕಾರ ಮಾಡಿದವನ ಹಾಗೆ.

"ಮಿಡ್ಲ್ ಸ್ಕೂಲಿನ ಮೇಷ್ಟ್ರು ಹೇಗಪ್ಪ?" ಎಂದು ಅವರು ಕೇಳಿದರಂತೆ.

"ಯಾರು, ನಮ್ ಸಿಂಗಲ್ ಮಿಸನ್ನಾ? ಬಂಗಾರದಂತ ಮನ್ಸ ಬುಡಿ ಸ್ವಾಮಿ. ಆದ್ರೆ ಮಿಸನ್ನು ಆಗಾಗ ನಿಂತೋಯ್ತದೆ, ಅದೊಂದೇಯ."

ಶ್ಯಾನುಭೋಗರು ಗಾಬರಿಯಾದರು. ಅವರು ಟೆಂಟಿನ ಮುಖ ಕಂಡವರಲ್ಲ. ತಮ್ಮ ಎದೆಯ ಮೇಲೆ ಕೈಯಿಟ್ಟು, "ನಿಂತು ಹೋಗುತ್ತೆ ಅಂದರೆ?" ಎಂದರು.

"ಅಂದ್ರೆ ನಿಂತೋಯ್ತದೆ. ಸುತ್ತಾ ಇದ್ದೋರು ಕೂಗಾಡ್ತಾರೆ. ಒಸಿ ಒತ್ತು ಬುಟ್ರೆ ತಿರ್ಗಾ ಸುರುವಾಯ್ತದೆ. ಭಯ ಪಡಂಗಿಲ್ಲ, ನಮ್ಗೆಲ್ಲ ರೂಢಿಯಾಗದೆ."

ಇದೊಂದೂ ತಿಳಿಯದ ನಾನು, ಮುಂದಿನ ಭಾನುವಾರ ಅಲೆಗೆ ಎಣ್ಣೆ ಹಚ್ಚಿಕೊಂಡು ಮಳವಳ್ಳಿಗೆ ಹೆಣ್ಣು ನೋಡಲು ಹೋದೆ. ಸೀತಮ್ಮ ಉಪ್ಪಿಟ್ಟು ತಂದಿಟ್ಟು ಒಂದು ಸಲ ನೋಡಿ ಒಳಕ್ಕೆ ಹೋದಳು. ನಾನು ಉಪ್ಪಿಟ್ಟು ತಿನ್ನುತ್ತಿದ್ದಾಗ ಅಡುಗೆಮನೆಯಿಂದ ಒಂದು ಹಾಡಿನ ಗುನುಗು ಕೇಳಿಸಿತು. ಹೋದ ತಿಂಗಳು ನಮ್ಮ ಟೆಂಟಿನಲ್ಲಿ ಓಡಿದ ಚಿತ್ರದ್ದೇ ಹಾಡು! ಅದುವರೆಗೆ ನೋಡಿದ ಹೆಣ್ಣುಗಳೆಲ್ಲ ದೇವರನಾಮ ಹಾಡಿ, ಅದೂ ಅಪ್ಪ ಕೆಮ್ಮಿದ ಮೇಲೆ ಹಾಡಿ, ಎದ್ದು ಹೋದವರು. ಯಾರೂ ಕೇಳದೆ ಹಾಡಿದವಳು ಇವಳೊಬ್ಬಳೇ. ನಾನು ಮನಸ್ಸು ಕೊಟ್ಟುಬಿಟ್ಟೆ. ಸುಳ್ಳೇಕೆ ಹೇಳಲಿ, ಇವಳೇ ಆಗಬೇಕು, ಇಲ್ಲದಿದ್ದರೆ ಬೇಡ ಎನ್ನಿಸಿತು.

ಉಪ್ಪಿಟ್ಟಿನ ನಂತರ ಶ್ಯಾನುಭೋಗರು, "ಇಷ್ಟು ದೂರ ಬಂದಿದ್ದೀರಿ, ಬ್ಲಫ್ಫು ನೋಡಿಕೊಂಡು ಹೋಗೋಣ ಬನ್ನಿ. ನಿಮ್ಮ ಸ್ನೇಹಿತರೂ ಅಲ್ಲೇ ಇದ್ದಾರಂತೆ," ಎಂದರು. ಭಾವೀ ಮಾವನ ಪ್ರೀತಿ ಎಂದುಕೊಂಡು ಹಿಗ್ಗಿದೆ. ಆ ವಾರ ಕಿಟ್ಟಣ್ಣನಿಗೆ ರಜವಿರಲಿಲ್ಲ, ಅವನೇ ಅಪ್ಪಣೆ ಪಡೆದು ನಮ್ಮನ್ನು ಟ್ರಾಲಿಯಲ್ಲಿ ಕಣಿವೆಯೊಳಕ್ಕೆ ಇಳಿಸಿದ. ಯಂತ್ರಗಳ ಗುಂಯ್‌ಗುಡುವಿಕೆಯಲ್ಲಿ ಯಾರ ಮಾತೂ ಯಾರಿಗೂ ಕೇಳದೆ ಎಲ್ಲರೂ ತಲೆಯಾಡಿಸಿದೆವು. ಹೊರಡುವಾಗ ಶ್ಯಾನುಭೋಗರು ಟ್ರಾಲಿ ಹತ್ತಿ ಕೂತು, "ನನಗೆ ವಯಸ್ಸಾಯಿತು. ನೀವು ಮೆಟ್ಟಿಲು ಹತ್ತಿ ಬನ್ನಿ, ನೋಟ ಚೆನ್ನಾಗಿರುತ್ತೆ," ಎಂದರು.

ಹತ್ತಿದೆ. ಆ ಕಡಿದಾದ ಮೆಟ್ಟಿಲು ನನಗೆ ಲೆಕ್ಕಕ್ಕೇ ಇಲ್ಲ, ದಮ್ಮು ಕಟ್ಟಲಿಲ್ಲ, ಕಾಲು ನೋಯಲಿಲ್ಲ. ಆದರೆ ಕಣಿವೆಯಿಂದ ಏಳುವ ಗಾಳಿ ಇದೆಯಲ್ಲ, ಅದು ನೇರವಾಗಿ ಅಲೆಯ ಬುಡಕ್ಕೇ ಕೈ ಹಾಕಿತು. ಮೇಲೆ ತುದಿಯಲ್ಲಿ ಮಾವನಾಗುವವರು ಕೊಡೆ ಹಿಡಿದು ನಿಂತು ನನ್ನನ್ನೇ ನೋಡುತ್ತಿದ್ದಾರೆ. ತಲೆಗೂದಲು ಕಾಗೆ ಗೂಡಿನಂತಾಗಿ ಅವರ ಮುಂದೆ ಹೋಗಿ ನಿಲ್ಲುವುದೇ? ಸಭ್ಯಸ್ಥನಾದವನು ಏನು ಮಾಡಬೇಕೋ ಅದನ್ನೇ ಮಾಡಿದೆ. ನಿಂತೆ. ಗೋಡೆಯ ಕಡೆ ತಿರುಗಿ, ಬಗ್ಗಿ, ಬಾಚಿಕೊಂಡೆ. ಮತ್ತೆ ಹತ್ತಿದೆ, ಮತ್ತೆ ಗಾಳಿ ಬಂತು, ಮತ್ತೆ ನಿಂತು ಬಗ್ಗಿದೆ. ಮೇಲೆ ತಲುಪಿದಾಗ ನನ್ನ ಒಂದು ಕೂದಲೂ ಅಲುಗಿರಲಿಲ್ಲ. ಶ್ಯಾನುಭೋಗರ ಮುಖ ಮಾತ್ರ ಬಿಳಿಚಿಕೊಂಡಿತ್ತು. ನನ್ನ ತೋಳು ಹಿಡಿದು ಕಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟರು. ಎಂಥ ವಿಶ್ವಾಸದ ಮನುಷ್ಯರು ಎಂದುಕೊಂಡೆ.

ಮುಂದಿನ ಶನಿವಾರ ಕಿಟ್ಟಣ್ಣ ಸುದ್ದಿ ತಂದ. ಶ್ಯಾನುಭೋಗರು ಬೇಡವೆಂದರಂತೆ. "ಹುಡುಗನ ಎದೆ ಸರಿಯಿಲ್ಲ ಕಣಯ್ಯ. ಮೆಟ್ಟಿಲ ಮೇಲೆ ಎಷ್ಟು ಕಡೆ ನಿಂತು ಬಗ್ಗಿದರು, ನಾನೇ ಕಣ್ಣಾರೆ ಕಂಡೆ. ಪಾಪ, ಗೋಡೆಗೆ ಮುಖ ಮರೆಮಾಡಿಕೊಂಡು ಸಂಕಟಪಡುತ್ತಿದ್ದರು," ಎಂದು ಕಣ್ಣೊರೆಸಿಕೊಂಡರಂತೆ. ನಾನು ಕೆಂಡವಾದೆ. ಆಗಲೇ ನಿಂಗೇಗೌಡ ಜಗಲಿಯ ಮಾತುಕತೆಯನ್ನು ಒಪ್ಪಿಸಿದ್ದು. ಕೇಳಿ ಅವನ ಮೇಲೆ ಹಾರಿಬಿದ್ದೆ. "ನಾ ನಿಜ ತಾನೆ ಯೋಳಿದ್ದು. ಬಂಗಾರದಂತ ಮನ್ಸ ಅಂತ್ಲೂ ಯೋಳಿವ್ನಿ, ಅದ್ನ ಯಾಕ್ ಬುಡ್ತೀಯಾ?" ಎಂದ.

ನನ್ನ ಕೂಗಾಟ ತಡೆಯಲಾರದೆ, ತಪ್ಪು ತಿಳುವಳಿಕೆಯನ್ನು ಹೋಗಲಾಡಿಸಿ ಬರುತ್ತೇನೆಂದು ಕಿಟ್ಟಣ್ಣ ಒಪ್ಪಿದ. ಒಂದು ವಾರ ಕಾದೆ. ಸೀತಮ್ಮನ ಗುನುಗನ್ನು ನಾನೇ ಗುನುಗಿಕೊಂಡು ಕ್ಲಾಸಿನಲ್ಲಿ ಗಣಿತ ಹೇಳಿದೆ. ಹೋಟೆಲಿನ ಮಾಣಿ "ಒಂದೇ ಎಲೆಯಾ?" ಎಂದಾಗ, ಇನ್ನು ಸ್ವಲ್ಪ ದಿನ ಎಂದುಬಿಟ್ಟೆ, ಬಾಯಿ ತಡೆಯದೆ.

ಶನಿವಾರ ಕಿಟ್ಟಣ್ಣ ಬಂದು ಚಾಪೆಯ ಮೇಲೆ ಕೂತ. ನನ್ನ ಮುಖ ನೋಡಲಿಲ್ಲ.

"ಎಲ್ಲಾ ಬಿಡಿಸಿ ಹೇಳಿದೆ ಕಣೋ. ಮಿಷನ್ ಅಂದರೆ ಟೆಂಟಿನದು, ಎದೆ ಕಬ್ಬಿಣದ ಹಾಗಿದೆ ಅಂದೆ. ಒಪ್ಪಿದರು. ಸಂತೋಷಪಟ್ಟರು."

"ಮತ್ತೆ?"

"ಹಾಗಾದರೆ ಮೆಟ್ಟಿಲ ಮೇಲೆ ಯಾಕೆ ನಿಂತರು ಅಂದರು. ನಿಜ ಹೇಳಿದೆ. ಕ್ರಾಪು ಬಾಚಿಕೊಳ್ಳೋದಕ್ಕೆ ಅಂತ."

"ಅದಕ್ಕೇನಂತೆ?"

"ಎದೆ ಕಾಯಿಲೆಯಾಗಿದ್ದರೆ ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಬಹುದಿತ್ತು, ಬಾಚಣಿಗೆ ಕಾಯಿಲೆಗೆ ಯಾವ ಡಾಕ್ಟರ ಹತ್ತಿರ ಹೋಗಲಪ್ಪ ಅಂದರು. ಅಷ್ಟರಲ್ಲಿ ಹುಡುಗಿ ಬಾಗಿಲ ಹಿಂದಿನಿಂದ, ಕನ್ನಡಿ ಹಿಡಿದುಕೊಂಡು ನಿಲ್ಲೋದು ನನ್ನ ಕೈಲಾಗಲ್ಲಪ್ಪ ಅಂದಳು. ನಗ್ತಾ ಇದ್ದಳು ಅಂತ ಕಾಣುತ್ತೆ."

ಆ ನಗುವಿನ ಸುದ್ದಿಯನ್ನು ಇವನು ಹೇಳದೇ ಇರಬಹುದಿತ್ತು. ನಿಜ ಹೇಳು ಎಂದು ನಾನೇನೋ ಕಳಿಸಿದ್ದೆ, ಆದರೆ ಎಷ್ಟು ನಿಜ ಹೇಳಬೇಕು ಎನ್ನುವುದಕ್ಕೆ ಒಂದು ಮಿತಿ ಬೇಡವೇ? ಎದೆನೋವೆಂದು ಬಿಟ್ಟಿದ್ದರೆ ಕನಿಕರವಾದರೂ ಉಳಿಯುತ್ತಿತ್ತು. ಸಿನಿಮಾದಲ್ಲಿ ಒಬ್ಬ ಕ್ರಾಪು ಬಾಚಿದರೆ ರಾಜಕುಮಾರಿ ಊಟ ಬಿಡುತ್ತಾಳೆ, ಮಳವಳ್ಳಿ ತಾಲ್ಲೂಕಿನಲ್ಲಿ ಇನ್ನೊಬ್ಬ ಬಾಚಿದರೆ ಶ್ಯಾನುಭೋಗರ ಮಗಳು ನಗುತ್ತಾಳೆ. ಇದಕ್ಕಾದರೂ ಯಾರಾದರೂ ಉತ್ತರ ಹೇಳಲಿ.

ಆ ಸಂಜೆ ಟೆಂಟಿಗೆ ಬರುವುದಿಲ್ಲವೆಂದು ಹಟ ಹಿಡಿದೆ. ಇಬ್ಬರೂ ಒಂದೊಂದು ತೋಳು ಹಿಡಿದು ಎಳೆದುಕೊಂಡು ಹೋದರು. ಹೊಸ ಚಿತ್ರ, ಹಳೆಯ ಕಥೆ. ನಾಯಕ ತಾಳಿ ಎತ್ತಿಕೊಂಡ. ಪಕ್ ಎಂದು ನಿಂತುಹೋಗಿ ದೀಪಗಳು ಹತ್ತಿಕೊಂಡವು. ಹೆಂಗಸರ ಕಡೆಯಿಂದ ಯಾರೋ ಇತ್ತ ತಿರುಗಿದ ಹಾಗಾಯಿತು.

"ಕಿಟ್ಟಣ್ಣ, ಅವ್ನ ಕೈ ಎಲ್ಲಿಗೋಯ್ತು ನೋಡ್ಲಾ," ಎಂದ ನಿಂಗೇಗೌಡ.

ತಲೆಯ ಮೇಲೆ ಸೊಳ್ಳೆ ಕೂತಿತ್ತು, ಹೊಡೆದೆ ಎಂದು ಇಬ್ಬರಿಗೂ ಖಡಾಖಂಡಿತವಾಗಿ ಹೇಳಿದೆ. ಗದ್ದೆ ಬಯಲಿನಲ್ಲಿ ಸೊಳ್ಳೆಗೇನು ಬರವೇ? ಆದರೂ ಅವರು ನಂಬಲಿಲ್ಲ. ಬಾಚಣಿಗೆಯಿಂದ ಸೊಳ್ಳೆ ಹೊಡೆಯುವುದನ್ನು ಅವರು ಎಲ್ಲೂ ನೋಡಿರಲಿಲ್ಲವಂತೆ.