ಕೆಟ್ಟ ಅಪ್ಪಂದಿರ ವಕೀಲ

ಪುರಾಣದ ಅಪ್ಪಂದಿರಲ್ಲಿ, ಗಂಡಂದಿರಲ್ಲಿ ಒಬ್ಬನಾದರೂ ನೆಟ್ಟಗಿದ್ದವನು ಉಂಟಾ ಎಂದು ನೀವು ಕೇಳಿದರೆ ನಾನು ಉತ್ತರ ಹೇಳುವುದಿಲ್ಲ, ಅವರ ಪರವಾಗಿ ವಾದ ಶುರು ಮಾಡ್ತೇನೆ. ಅದು ನನ್ನ ಚಟ. ಬಂಟ್ವಾಳದ ಹತ್ತಿರ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವುದು ಹೊಟ್ಟೆಪಾಡು, ತಾಳಮದ್ದಳೆಯಲ್ಲಿ ಅರ್ಥ ಹೇಳುವುದು ಹುಚ್ಚು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡ್ತಾರೆ, ಪಂಚೆ ಉಟ್ಟು ಶಾಲು ಹೊದ್ದು ಕೂತ ನಾವು ಅರಸರೋ ಋಷಿಗಳೋ ಆಗಿ ಆ ಹೊತ್ತಿಗೆ ಹೊಳೆದ ಮಾತಿನಲ್ಲಿ ವಾದಿಸ್ತೇವೆ. ನನ್ನ ಸ್ವರ ಸ್ವಲ್ಪ ಅಳುವ ಸ್ವರ. ಹಾಗಾಗಿ ಇಪ್ಪತ್ತು ವರ್ಷಗಳಿಂದ ನನ್ನ ಪಾಲಿಗೆ ಬಂದದ್ದೆಲ್ಲ ಮಕ್ಕಳನ್ನು ಕೆಡಿಸಿದ ಅಪ್ಪಂದಿರು, ಹೆಂಡತಿಯ ಕಣ್ಣಲ್ಲಿ ನೀರು ಹಾಕಿಸಿದ ಗಂಡಂದಿರು. ಒಂದು ಶೂರನ ಪಾತ್ರ ಕೊಡಿ ಎಂದರೆ ಸಂಘದವರು, "ಶೂರರಿಗೆ ಬೇರೆ ಜನ ಉಂಟು ಮಾಸ್ಟ್ರೇ, ನೀವು ಪಶ್ಚಾತ್ತಾಪಕ್ಕೆ ಬೇಕು" ಎಂದು ಹೇಳ್ತಾರೆ.

ಈಗ ಸಂಗತಿಗೆ ಬರ್ತೇನೆ. ನನ್ನ ಮಗಳು ನನ್ನ ಹತ್ತಿರ ಮಾತು ಬಿಟ್ಟು ಇವತ್ತಿಗೆ ಹದಿನೇಳು ದಿನ. ಒಬ್ಬಳೇ ಮಗಳು, ಮೂಡುಬಿದಿರೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸ್ತಾಳೆ. ಆದದ್ದಿಷ್ಟು. ಬೆಳ್ತಂಗಡಿಯಲ್ಲಿ ಒಂದು ತಾಳಮದ್ದಳೆ ಕೂಟವಿತ್ತು, ಮಾತಿಗೆ ಕಟ್ಟುಬಿದ್ದು ಮಗನನ್ನು ಕಾಡಿಗಟ್ಟಿದ ಅರಸು ನಾನು. ಕೊಟ್ಟ ಮಾತು ದೊಡ್ಡದೋ ಹೆತ್ತ ಮಗ ದೊಡ್ಡವನೋ ಎಂದು ಮುಕ್ಕಾಲು ಗಂಟೆ ಮಾತಾಡಿದೆ. ಎದುರು ಕೂತ ಅಜ್ಜಿಯರು ಸೆರಗಿನಿಂದ ಕಣ್ಣು ಒರೆಸಿದರು. ಮುಗಿದ ಮೇಲೆ ಚಾ, ಗೋಳಿಬಜೆ. ಅರಸು ಇನ್ನೂ ನನ್ನ ಮೈಯಿಂದ ಇಳಿದಿರಲಿಲ್ಲ. ಆಗ ನಮ್ಮ ಮದ್ದಳೆಯವರು, ಅಲ್ಲೇ ಪಕ್ಕದ ಲಾಯಿಲ ಊರಿನವರು, "ಮಾಸ್ಟ್ರೇ, ನಿಮ್ಮ ಮಗಳನ್ನು ನಮ್ಮ ಹುಡುಗನಿಗೆ ಕೊಡಬಹುದಲ್ಲ" ಎಂದರು. ನಾನು ಶಾಲು ಸರಿಮಾಡಿಕೊಂಡು "ಕೊಟ್ಟೆ" ಎಂದೆ. ಅಷ್ಟಕ್ಕೆ ನಿಲ್ಲಿಸಿದೆನಾ? "ಆಡಿದ ಮಾತಿಗೆ ತಪ್ಪುವ ವಂಶ ನಮ್ಮದಲ್ಲ" ಎಂದೂ ಸೇರಿಸಿದೆ. ನಮ್ಮ ವಂಶ ಎಂದರೆ ನನ್ನ ಅಪ್ಪ, ವಿಟ್ಲ ಪೇಟೆಯಲ್ಲಿ ಟೈಲರ್ ಆಗಿದ್ದವರು. ದೀಪಾವಳಿಗೆ ಕೊಡ್ತೇನೆ ಎಂದ ಅಂಗಿಯನ್ನು ಶಿವರಾತ್ರಿಗೂ ಕೊಟ್ಟವರಲ್ಲ.

ಮನೆಗೆ ಬರುವಾಗ ಅರಸು ಇಳಿದ, ಆಡಿದ ಮಾತೂ ಅವನ ಜೊತೆ ಹೋಯಿತು. ಅವರು ಮಾತ್ರ ಮರೆಯಲಿಲ್ಲ. ಮುಂದಿನ ಆದಿತ್ಯವಾರ ಒಂದು ಆಮ್ನಿ ವ್ಯಾನಿನಲ್ಲಿ ಆರು ಜನ, ಒಂದು ಅಟ್ಟೆ ಮಲ್ಲಿಗೆ, ಸ್ವೀಟಿನ ಪೆಟ್ಟಿಗೆ ಸಮೇತ ಬಂದಿಳಿದರು. ಮಗಳು ಹಳೆ ಚೂಡಿದಾರದಲ್ಲಿ ಅಂಗಳದಲ್ಲಿ ಸ್ಕೂಟರ್ ತೊಳೆಯುತ್ತಿದ್ದಳು. "ಯಾರು ಬೇಕಿತ್ತು?" ಎಂದು ಕೇಳಿದಳು. "ನೀನೇ ಮಗಾ" ಎಂದರು ಹುಡುಗನ ಅಮ್ಮ.

ಅವಳು ಬೊಬ್ಬೆ ಹಾಕಲಿಲ್ಲ. ಬಂದವರಿಗೆ ಚಾ ಕೊಟ್ಟಳು, ಹುಡುಗನ ಹಾರ್ಡ್‌ವೇರ್ ಅಂಗಡಿಯ ಬಗ್ಗೆ ವಿಚಾರಿಸಿದಳು. ಅವರು ಹೋದ ಮೇಲೆ, "ನನ್ನ ಹತ್ತಿರ ಕೇಳಬೇಕು ಅಂತ ನಿಮಗೆ ಒಮ್ಮೆಯೂ ಅನ್ನಿಸಲಿಲ್ವಾ ಅಪ್ಪ?" ಎಂದಳು. "ನೋಡು ಮಗಳೇ, ಮಾತು ಎನ್ನುವುದು..." ಎಂದು ನಾನು ಶುರು ಮಾಡಿದ್ದೇ ತಡ, ಎದ್ದು ಹೋದಳು. ಅಂದಿನಿಂದ ನನ್ನ ವ್ಯವಹಾರವೆಲ್ಲ ಹೆಂಡತಿಯ ಮೂಲಕ. "ಅಮ್ಮ, ಅಪ್ಪನಿಗೆ ಗೇಟು ಹಾಕಲು ಹೇಳಿ" ಎನ್ನುತ್ತಾಳೆ, ನಾನು ಗೇಟಿನ ಪಕ್ಕದಲ್ಲೇ ನಿಂತಿರುವಾಗ. ಸಣ್ಣವಳಿದ್ದಾಗ ಕೂಟಕ್ಕೆ ಬಂದು ನನ್ನ ಕುರ್ಚಿಯ ಹಿಂದೆ ಚಾಪೆಯಲ್ಲಿ ನಿದ್ದೆ ಮಾಡ್ತಿದ್ದ ಹುಡುಗಿ ಇದು. ಊಟ ಸೇರುವುದಿಲ್ಲ ಮಾರಾಯ್ರೆ.

ದಿಕ್ಕು ತೋಚದೆ ನಾನು ಹೋಲಿಕೆಗೆ ಇಳಿದೆ. ನನಗಿಂತ ಕೆಟ್ಟವನೊಬ್ಬ ಸಿಕ್ಕಿದರೂ ಸಾಕಿತ್ತು. ಬಸಳೆ ಹೆಚ್ಚುತ್ತಿದ್ದ ಹೆಂಡತಿಯ ಎದುರು ಕೂತು, "ಒಬ್ಬ ಹೆಂಡತಿಯನ್ನೇ ಜೂಜಿಗೆ ಇಟ್ಟ. ನಾನು ಇಟ್ಟೆನಾ?" ಎಂದೆ. "ನಿಮಗೆ ಜೂಜು ಬರುವುದಿಲ್ಲ" ಎಂದಳು. ಬಸುರಿ ಹೆಂಡತಿಯನ್ನು ಕಾಡಿಗೆ ಬಿಟ್ಟವನನ್ನು ತಂದೆ. "ನಿಮಗೆ ದಾರಿ ಗೊತ್ತಿಲ್ಲ. ಕೊಕ್ಕಡಕ್ಕೆ ಯಾವ ಬಸ್ಸು ಅಂತ ಇವತ್ತಿಗೂ ನನ್ನನ್ನೇ ಕೇಳ್ತೀರಿ." ಮಗನ ಮೋಹದಲ್ಲಿ ಕುಲವನ್ನೇ ಮುಳುಗಿಸಿದ ಕುರುಡು ಅರಸನನ್ನು ತಂದರೆ, "ಅವನಿಗೆ ಕಣ್ಣಿರಲಿಲ್ಲ, ನಿಮಗೆ ಕನ್ನಡಕ ಉಂಟು" ಎಂದಳು. ಕೊನೆಗೆ, ಸತ್ಯಕ್ಕಾಗಿ ಹೆಂಡತಿ ಮಗನನ್ನು ಸಂತೆಯಲ್ಲಿ ಮಾರಿದವನನ್ನು ಎಳೆದು ತಂದೆ. ಅವನಿಗಿಂತ ನಾನು ವಾಸಿ ಎಂದು ಧೈರ್ಯವಿತ್ತು. ಅವಳು ಕತ್ತಿ ಕೆಳಗಿಟ್ಟು, "ಅವನು ಮಾರುವ ಮೊದಲು ಹೆಂಡತಿಯ ಹತ್ತಿರ ಮಾತಾಡಿದ್ದ" ಎಂದಳು. ಅದನ್ನೂ ಯಾವಾಗಲೋ ನಾನೇ ಅರ್ಥದಲ್ಲಿ ಹೇಳಿದ್ದು. ಅವಳು ಕೇಳಿಸಿಕೊಂಡಿದ್ದಳು, ಕರ್ಮ.

ಮೊನ್ನೆ ಮಗಳ ಕಡೆಯಿಂದ ಒಂದು ಷರತ್ತು ಬಂತು. ಲಾಯಿಲಕ್ಕೆ ಅಪ್ಪನೇ ಫೋನ್ ಮಾಡಿ ಇಲ್ಲ ಎಂದು ಹೇಳಲಿ, ಮತ್ತೆ ಮಾತಾಡ್ತೇನೆ. ಎಷ್ಟು ಸಣ್ಣ ಕೆಲಸ ನೋಡಿ. ಫೋನ್ ಹಚ್ಚಿದೆ. ಮಗಳು ಬಾಗಿಲ ಹತ್ತಿರ ನಿಂತಿದ್ದಳು. "ಹೇಳಿ ಮಾಸ್ಟ್ರೇ" ಎಂದರು ಮದ್ದಳೆಯವರು. ಸೆಕೆಯ ಬಗ್ಗೆ ಮಾತಾಡಿದೆ, ಅವರ ಮಂಡಿನೋವು ವಿಚಾರಿಸಿದೆ, ವಿಟ್ಲದ ಕೂಟಕ್ಕೆ ಹೇಗೆ ಹೋಗುವ ಎಂದು ಕೇಳಿದೆ. ಕಾಲು ಗಂಟೆಯಾದರೂ "ಇಲ್ಲ" ಎಂಬ ಎರಡಕ್ಷರ ಬಾಯಿಂದ ಹೊರಡಲಿಲ್ಲ. "ಒಂದು ನಿಮಿಷ, ಇವಳಿಗೆ ಏನೋ ಹೇಳಲಿಕ್ಕೆ ಉಂಟಂತೆ" ಎಂದು ಫೋನನ್ನು ಹೆಂಡತಿಗೆ ದಾಟಿಸಿದೆ. ಅವಳು, "ಇವರು ಕೇಳದೆ ಹೇಳಿದ್ದು, ಹುಡುಗಿಗೆ ಮನಸ್ಸಿಲ್ಲ, ಬೇಜಾರು ಮಾಡ್ಬೇಡಿ" ಎಂದಳು. "ಹಾಗೆಯಾ ಅಕ್ಕ, ತೊಂದರೆ ಇಲ್ಲ" ಎಂದರು ಅವರು. ಮುಗಿಯಿತು. ಬಾಗಿಲಲ್ಲಿ ಮಗಳು ಇರಲಿಲ್ಲ.

ಆಮೇಲೆ ನನಗೆ ನೆನಪಾಯಿತು. ಆ ಅರಸು ಕೂಡ ಕಾಡಿಗೆ ಹೋಗು ಎಂದು ಮಗನಿಗೆ ತಾನು ಹೇಳಲಿಲ್ಲ. ಕಿರಿಯ ಹೆಂಡತಿ ಹೇಳಿದಳು, ಇವನು ಸುಮ್ಮನೆ ಬಿದ್ದುಕೊಂಡಿದ್ದ. ದುಃಖದಿಂದ ಗಂಟಲು ಕಟ್ಟಿತು ಎಂದು ಇಪ್ಪತ್ತು ವರ್ಷ ವಾದಿಸಿ ಚಪ್ಪಾಳೆ ತೆಗೆದುಕೊಂಡಿದ್ದೇನೆ. ದುಃಖ ಗಿಃಖ ಎಲ್ಲ ಸುಳ್ಳು, ಅವನಿಗೆ ಹೆದರಿಕೆ. ಇವತ್ತು ಬೆಳಿಗ್ಗೆ ಹೆಂಡತಿಗೆ, "ವಿಟ್ಲದ ಕೂಟದಲ್ಲಿ ಇದನ್ನೇ ಹೇಳಿಬಿಡ್ತೇನೆ" ಎಂದೆ. "ನೂರು ಜನರ ಎದುರು ಹೇಳ್ತೀರಿ, ಅದು ಗೊತ್ತುಂಟು. ಅವಳು ಕೋಣೆಯಲ್ಲಿದ್ದಾಳೆ, ಅಲ್ಲಿ ಹೇಳಿ" ಎಂದಳು.

ಹೋದೆ. ಮಗಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಳು. ನನ್ನನ್ನು ಕಂಡು ಪೆನ್ನು ಕೆಳಗಿಟ್ಟು, ತಲೆಯೆತ್ತಿ ನೋಡಿದಳು. ಹದಿನೇಳು ದಿನಗಳ ಮೇಲೆ ಮೊದಲ ಸಲ. "ತಪ್ಪಾಯಿತು ಮಗಳೇ" ಎಂದೆ. ಅವಳ ಮುಖ ಸ್ವಲ್ಪ ಸಡಿಲವಾದದ್ದನ್ನು ಕಣ್ಣಾರೆ ಕಂಡೆ. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. "ಯಾಕೆಂದರೆ..." ಎಂದೆ.

ಅವಳು ಪೆನ್ನು ಎತ್ತಿಕೊಂಡಳು.