ಏಕಾಂತಯ್ಯನವರ ನೂರಕ್ಕೆ ನೂರು

ಮಂಡಿ ಮೊಹಲ್ಲಾದ ಏಕಾಂತಯ್ಯನವರಿಗೆ ಪ್ರಾಣಕ್ಕಿಂತ ಮರ್ಯಾದೆ ದೊಡ್ಡದು. (ಪ್ರಾಣ ಬೇರೆಯವರದಾದರೆ ಇನ್ನೂ ಸಲೀಸು.) ಮೂರು ತಿಂಗಳಿಂದ ಅವರ ಮನೆಯ ನಲ್ಲಿಯಲ್ಲಿ ಚರಂಡಿ ಬೆರೆತ ನೀರು ಬರುತ್ತಿತ್ತು. ಹೆಂಡತಿ ಗಿರಿಜಾಂಬಾ ಅದನ್ನು ಸೋಸಿ, ಕುದಿಸಿ, ಶಪಿಸಿ ಬಳಸುತ್ತಿದ್ದರು. ಎಂಟು ವರ್ಷದ ಮೊಮ್ಮಗಳು ಲಾಸ್ಯ ಆಟದ ನಡುವೆ ನಲ್ಲಿಗೇ ಬಾಯಿಡುತ್ತಾಳೆಂಬುದೇ ಆಕೆಯ ಭಯ. ನೆಂಟರು ಬಂದರೆ ಮಾತ್ರ ಮನೆಗೆ ಕ್ಯಾನ್ ನೀರು ಬರುತ್ತಿತ್ತು.

ಹೀಗಿರುವಾಗ ‘ದೇಶದ ನೀರು ಮತ್ತು ನೈರ್ಮಲ್ಯ ಸೇವೆಗಳ ಸುಸ್ಥಿರತಾ ಮೌಲ್ಯಮಾಪನ’ ಎಂಬ ಭಾರೀ ಹೆಸರು ಹೊತ್ತು, ಕೈಯಲ್ಲೊಂದು ಟ್ಯಾಬ್ ಹಿಡಿದು ಶಾಲಿನಿ ಎಂಬ ಹುಡುಗಿ ಬಂದಳು.

“ನೀರು ಹೇಗೆ ಬರುತ್ತೆ ಸರ್?”

“ಸ್ಫಟಿಕ ಕಣಮ್ಮ.”

“ವಾಸನೆ?”

“ವಾಸನೆನಾ? ನಮ್ಮನೇಲಾ?”

ಒಳಗೆ ಗಿರಿಜಾಂಬಾ ಪಾತ್ರೆ ಕುಕ್ಕಿದರು. ಏಕಾಂತಯ್ಯನವರು ಗಂಟಲು ಸರಿಮಾಡಿಕೊಂಡು, “ಇನ್ನು ಹತ್ತು ವರ್ಷವೂ ಹೀಗೇ ಬರುತ್ತೆ, ಬರ್ಕೊಳ್ಳಿ” ಎಂದರು. ಹಿರಿಯರಾದ್ದರಿಂದ ಇಡೀ ಬೀದಿಯ ಪರವಾಗಿ ಸಹಿಯನ್ನೂ ಹಾಕಿದರು. ಹುಡುಗಿ ಕ್ಯಾನ್ ನೀರಿನ ಕಾಫಿ ಕುಡಿದು, ಬಹಳ ಹೊಗಳಿ ಹೋದಳು.

“ನಿಜ ಹೇಳೋಕೆ ನಿಮಗೇನ್ರೀ ಬಂದಿತ್ತು?”

“ಬಾಗಿಲಿಗೆ ಬಂದೋರ ಹತ್ರ ನಮ್ಮನೇಲಿ ಕೊಳಚೆ ಬರುತ್ತೆ ಅಂದ್ಬುಡೋದಾ? ಏನಂದ್ಕೊಂಡಾರು?”

ಹಿಂದಿನ ಬೀದಿಯ ಬೀರಯ್ಯನಿಗೆ ಈ ಗೊಡವೆ ಇರಲಿಲ್ಲ. ಒಂದು ಚೊಂಬು ನಲ್ಲಿ ನೀರು ತಂದು ಹುಡುಗಿಯ ಮೂಗಿಗೇ ಹಿಡಿದಿದ್ದ. ಮೌಲ್ಯಮಾಪನದಲ್ಲಿ ಕಡಿಮೆ ಅಂಕ ಬಂದ ಬೀದಿಗಳಿಗೆ ಮೊದಲು ಹೊಸ ಪೈಪು ಎಂದಾಗಿ, ತಿಂಗಳೊಳಗೆ ಅವನ ಬೀದಿ ಅಗೆದರು. ಏಕಾಂತಯ್ಯನವರ ಬೀದಿಗೆ ನೂರಕ್ಕೆ ನೂರು ಬಂದಿತ್ತು. ಕಚೇರಿಗೆ ಓಡಿದರೆ, ಅಲ್ಲಿಯವರು ಅವರದೇ ಸಹಿ ತೋರಿಸಿ, “ಮುಂದಿನ ಮೌಲ್ಯಮಾಪನ ಐದು ವರ್ಷಕ್ಕೆ ಸರ್, ಆಗ ಹೇಳಿ” ಎಂದರು.

ಆ ವಾರವೇ ಲಾಸ್ಯಳಿಗೆ ಕಾಮಾಲೆ ಹಿಡಿಯಿತು. ಆಸ್ಪತ್ರೆಯಲ್ಲಿ ಅವಳ ಹಳದಿ ಕಣ್ಣು ನೋಡಲಾರದೆ ಏಕಾಂತಯ್ಯನವರು ಗೋಡೆ ನೋಡುತ್ತ ನಿಂತರು.

“ಮನೇಲಿ ನೀರು ಹೇಗಿದೆ?” ಎಂದರು ಡಾಕ್ಟರು.

“ಸ್ಫ...” ಅಭ್ಯಾಸಬಲದಿಂದ ಬಾಯಿ ತೆರೆದವರು ಮಗುವಿನ ಕಡೆ ನೋಡಿ ತಡೆದರು. “ಕೊಳಚೆ ಸ್ವಾಮಿ. ಕೊಳಚೆ ಬರುತ್ತೆ.”

ವಾರ್ಡಿನವರೆಲ್ಲ ತಿರುಗಿ ನೋಡಿದರು.

“ಇಷ್ಟು ದಿನ ಯಾರೂ ಬಂದು ವಿಚಾರಿಸಲೇ ಇಲ್ವಾ?”

ಗಿರಿಜಾಂಬಾ ಮೊಮ್ಮಗಳ ತಲೆ ನೇವರಿಸುತ್ತಲೇ ಹೇಳಿದರು:

“ಬಂದಿದ್ರು ಡಾಕ್ಟ್ರೇ. ಇವರು ಕಾಫಿ ಕೊಟ್ಟು ಕಳಿಸಿದ್ರು.”